ಮೊದಲ ನಕ್ಷತ್ರಗಳ ಹುಡುಕಾಟ: ಹೀಲಿಯಂ ಗೆರೆ ಸಿಕ್ಕರೆ ಕೆಲಸ ಮುಗಿಯಿತೇ?

#1 ಬೆಳಕಿನಬೆನ್ನು

ಪಾಪ್-3 ನಕ್ಷತ್ರಗಳು, ಅಂದರೆ ಜಲಜನಕ, ಹೀಲಿಯಂ, ಚಿಟಿಕೆ ಲಿಥಿಯಂ ಬಿಟ್ಟು ಬೇರೇನೂ ಸೇರಿರದ ಮೊದಲ ತಲೆಮಾರಿನವು, "ಸಿಕ್ಕೇಬಿಟ್ಟವು" ಅನ್ನುವ ಸುದ್ದಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಕೆಲಸ ಶುರು ಮಾಡಿದಾಗಿನಿಂದ ಆಗಾಗ ಬರುತ್ತಲೇ ಇದೆ. ಸ್ವಲ್ಪ ದಿನ ಬಿಟ್ಟು ಅದೇ ಕಾಯದ ಬಗ್ಗೆ "ಅಷ್ಟು ಖಚಿತವಿಲ್ಲ" ಅನ್ನುವ ಪ್ರಬಂಧವೂ ಬರುತ್ತೆ. ಹೀಲಿಯಂನ 1640 ಆಂಗ್‌ಸ್ಟ್ರಾಮ್ ಗೆರೆಯೇ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ರೋಹಿತದಲ್ಲಿ ಆ ತರಂಗಾಂತರದಲ್ಲಿ ಹೊಳೆಯುವ ಗೆರೆ) ಇವುಗಳ ಗುರುತು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಹಾಗಿದ್ದರೆ ಆ ಗೆರೆ ಕಂಡ ಮೇಲೂ ತಕರಾರು ಯಾಕೆ? ಒಂದೇ ಒಂದು ಮೊದಲ ನಕ್ಷತ್ರವನ್ನು ನೇರವಾಗಿ ನೋಡೋಕೆ ಆಗಲ್ವಾ? ರೇಡಿಯೋದವರು 78 ಮೆಗಾಹರ್ಟ್ಸ್ ಅಂತ ಹೇಳೋದು ಏನು? ಲೆಕ್ಕಗಳ ಸಮೇತ ಯಾರಾದರೂ ಬಿಡಿಸಿ ಹೇಳಿ. ಬರೀ "ತುಂಬಾ ದೂರ, ತುಂಬಾ ಮಸುಕು" ಅಂದರೆ ಸಾಲದು.

#2 ಕಣಗಣಕ

ಏನನ್ನು ಹುಡುಕುತ್ತಿದ್ದೇವೆ ಅನ್ನೋದರಿಂದ ಶುರು ಮಾಡೋಣ. ಈಗಿನ ಕಾಲದಲ್ಲಿ ನಕ್ಷತ್ರ ಹುಟ್ಟುವ ಮೋಡ 10 ಕೆಲ್ವಿನ್‌ವರೆಗೂ ತಣಿಯುತ್ತೆ. ಇಂಗಾಲ, ಆಮ್ಲಜನಕ, ದೂಳು ಅದರ ಶಾಖವನ್ನು ಹೊರಗೆ ಸಾಗಿಸುತ್ತವೆ. ಆಗ ಇವು ಯಾವುವೂ ಇರಲಿಲ್ಲ. ತಣಿಸೋ ಕೆಲಸವೆಲ್ಲ ಜಲಜನಕದ ಅಣುವಿನ ತಲೆಮೇಲೆ, ಆ ಅಣುವೋ ಹತ್ತು ಸಾವಿರ ಪರಮಾಣುಗಳಿಗೆ ಕೆಲವೇ ಕೆಲವು. ದೂಳಿಲ್ಲದ್ದರಿಂದ ಅದು ಹುಟ್ಟೋದೂ ಬಳಸುದಾರಿಯಲ್ಲಿ: ಒಂದು ಪರಮಾಣು ಬಿಡಿ ಎಲೆಕ್ಟ್ರಾನನ್ನು ಹಿಡಿದು ಋಣ ಅಯಾನು ಆಗಬೇಕು, ಅದು ಇನ್ನೊಂದು ಪರಮಾಣುವಿಗೆ ಅಂಟಿಕೊಂಡು ಎಲೆಕ್ಟ್ರಾನನ್ನು ವಾಪಸ್ ಬಿಡಬೇಕು. ಈ ಅಣುವಿನ ಪರಿಭ್ರಮಣದ ಮೊದಲ ಉಪಯುಕ್ತ ಮೆಟ್ಟಿಲೇ ಸುಮಾರು 510 ಕೆಲ್ವಿನ್ ಎತ್ತರದಲ್ಲಿದೆ. ಹಾಗಾಗಿ ಮೋಡ 200 ಕೆಲ್ವಿನ್ ಹತ್ತಿರ ಬಂದು ಅಲ್ಲೇ ತೂಗಾಡುತ್ತೆ.

ತನ್ನ ತೂಕಕ್ಕೇ ಕುಸಿಯಲು ಬೇಕಾದ ಕನಿಷ್ಠ ರಾಶಿ ತಾಪದ ಒಂದೂವರೆ ಘಾತದಂತೆ ಏರುತ್ತೆ. ಸಾಂದ್ರತೆ ಒಂದೇ ಅಂತ ಇಟ್ಟುಕೊಂಡರೆ 10ರಿಂದ 200 ಕೆಲ್ವಿನ್‌ಗೆ ಹೋದಾಗ ಅದು ಸುಮಾರು 90 ಪಟ್ಟು. ಘನ ಸೆಂ.ಮೀ.ಗೆ ಹತ್ತು ಸಾವಿರ ಕಣ ಇರುವ ಆ ಹಂತದಲ್ಲಿ ಲೆಕ್ಕ ಸಾವಿರ ಸೌರರಾಶಿಯ ಸುತ್ತ ಬರುತ್ತೆ. 2002ರ ಸುಮಾರಿನ ಸಿಮ್ಯುಲೇಶನ್‌ಗಳು "ಒಂದು ಮೋಡಕ್ಕೆ ಒಂದೇ ದೈತ್ಯ, ನೂರು ಸೌರರಾಶಿ ಅಥವಾ ಹೆಚ್ಚು" ಅಂದಿದ್ದು ಇದರಿಂದಲೇ. 2011ರ ಹೊತ್ತಿಗೆ ರೆಸಲ್ಯೂಶನ್ ಹೆಚ್ಚಿಸಿ, ಹುಟ್ಟುತ್ತಿರುವ ನಕ್ಷತ್ರದ ಸುತ್ತ ತಿರುಗುವ ಅನಿಲದ ತಟ್ಟೆಯನ್ನು ಹತ್ತಿರದಿಂದ ನೋಡಿದಾಗ ಅದು ಒಡೆಯುತ್ತೆ, ಚಿಕ್ಕಪುಟ್ಟವೂ ಹುಟ್ಟುತ್ತವೆ ಅಂತ ಗೊತ್ತಾಯಿತು.

ಇಲ್ಲಿ ಎಡವೋ ಜಾಗ ಒಂದಿದೆ. ಜೀನ್ಸ್ ಉದ್ದಕ್ಕೆ (ಮೋಡ ತನ್ನ ತೂಕಕ್ಕೇ ಕುಸಿಯಬಲ್ಲ ಕನಿಷ್ಠ ಅಳತೆ) ಸಿಮ್ಯುಲೇಶನ್ ಜಾಲರಿಯ ಕನಿಷ್ಠ ನಾಲ್ಕು ಕೋಶಗಳಿಲ್ಲದಿದ್ದರೆ ಮೋಡ ಸುಮ್ಮಸುಮ್ಮನೆ ಒಡೆಯುತ್ತೆ. ಅದು ಭೌತಶಾಸ್ತ್ರ ಅಲ್ಲ, ಜಾಲರಿಯ ಕಿತಾಪತಿ. ಪ್ರಕ್ಷುಬ್ಧತೆಯನ್ನೂ ಹಿಡಿಯಬೇಕಾದರೆ ನಾಲ್ಕು ಸಾಲದು, 32ಕ್ಕೂ ಮೇಲೆ ಬೇಕು. "ಮೊದಲ ನಕ್ಷತ್ರ ಇಷ್ಟು ದೊಡ್ಡದು" ಅಂತ ಯಾರಾದರೂ ಒಂದೇ ಸಂಖ್ಯೆ ಹೇಳಿದರೆ ಮೊದಲು ಅವರ ಕೋಶದ ಗಾತ್ರ ಕೇಳಿ.

ಕಾಲ (ರೆಡ್‌ಶಿಫ್ಟ್ ಅಂದರೆ ವಿಶ್ವದ ಹಿಗ್ಗುವಿಕೆಯಿಂದ ಬೆಳಕಿನ ತರಂಗಾಂತರ ಹಿಗ್ಗಿದ ಪ್ರಮಾಣ; ಸಂಖ್ಯೆ ದೊಡ್ಡದಾದಷ್ಟೂ ಹಿಂದಿನ ಕಾಲ): ಬಹುಪಾಲು ರೆಡ್‌ಶಿಫ್ಟ್ 30ರಿಂದ 20, ಅಂದರೆ ಮಹಾಸ್ಫೋಟವಾಗಿ 10ರಿಂದ 18 ಕೋಟಿ ವರ್ಷ. ಜಾಗ: ಹತ್ತು ಲಕ್ಷ ಸೌರರಾಶಿಯ ಪುಟ್ಟ ಡಾರ್ಕ್ ಮ್ಯಾಟರ್ ಗುಡ್ಡೆಗಳು.

#3 ಮಸೂರ

> ಒಂದೇ ಒಂದು ಮೊದಲ ನಕ್ಷತ್ರವನ್ನು ನೇರವಾಗಿ ನೋಡೋಕೆ ಆಗಲ್ವಾ?

ನೂರು ಸೌರರಾಶಿಯ ಲೋಹವಿಲ್ಲದ (ಖಗೋಳದವರಿಗೆ ಹೀಲಿಯಂಗಿಂತ ಭಾರದ ಧಾತುಗಳೆಲ್ಲ ಲೋಹವೇ) ನಕ್ಷತ್ರ ತಗೊಳ್ಳಿ. ಮೇಲ್ಮೈ ತಾಪ ಒಂದು ಲಕ್ಷ ಕೆಲ್ವಿನ್, ತ್ರಿಜ್ಯ ಸೂರ್ಯನ ನಾಲ್ಕು ಪಟ್ಟು ಅಂತ ಇಟ್ಟು 1500 ಆಂಗ್‌ಸ್ಟ್ರಾಮ್‌ನಲ್ಲಿ ಕೃಷ್ಣಕಾಯದ ಲೆಕ್ಕ ಹಾಕಿದರೆ ನಿಜ ಕಾಂತಿಮಾನ (ಸಂಖ್ಯೆ ದೊಡ್ಡದಾದಷ್ಟೂ ಮಸುಕು) ಮೈನಸ್ 7ರ ಹತ್ತಿರ ಬರುತ್ತೆ. ಅದನ್ನು ರೆಡ್‌ಶಿಫ್ಟ್ 10ರಲ್ಲಿಟ್ಟರೆ ನಮಗೆ ಕಾಣುವ ಕಾಂತಿಮಾನ 40ರ ಆಚೆ. ವೆಬ್ ಅತಿ ಆಳದ ಚಿತ್ರದಲ್ಲಿ 31ರ ಸುತ್ತಮುತ್ತ ಸುಸ್ತಾಗುತ್ತೆ. ವ್ಯತ್ಯಾಸ ಹತ್ತು ಕಾಂತಿಮಾನ ಹತ್ತಿರ, ಅಂದರೆ ಹತ್ತು ಸಾವಿರ ಪಟ್ಟು. ಕನ್ನಡಿ ದೊಡ್ಡದು ಮಾಡಿ ತುಂಬಿಸೋ ಅಂತರ ಇದಲ್ಲ.

ಉಳಿದದ್ದು ಗುರುತ್ವ ಮಸೂರ, ಅಂದರೆ ನಡುವಿನ ರಾಶಿ ತನ್ನ ಗುರುತ್ವದಿಂದ ಹಿಂದಿನ ಬೆಳಕನ್ನು ಬಾಗಿಸಿ ದೊಡ್ಡದು ಮಾಡೋದು. ಗೆಲಾಕ್ಸಿ ಗುಚ್ಛದ ಕಾಸ್ಟಿಕ್ ರೇಖೆಗೆ (ವರ್ಧನೆ ಅತಿ ಹೆಚ್ಚಾಗುವ ಗೆರೆಗೆ) ನಕ್ಷತ್ರ ಅಂಟಿಕೊಂಡಂತೆ ಇದ್ದರೆ ಹತ್ತು ಸಾವಿರ ಪಟ್ಟು ವರ್ಧನೆ ಅಸಾಧ್ಯವೇನಲ್ಲ. 2018ರಲ್ಲಿ ಪ್ರಕಟವಾದ ಇಕಾರಸ್ (ರೆಡ್‌ಶಿಫ್ಟ್ 1.49), 2022ರ ಎರೆಂಡೆಲ್ (ಸುಮಾರು 6) ಹಬಲ್‌ಗೆ ಸಿಕ್ಕಿದ್ದು ಹೀಗೇ. ಆದರೆ ವರ್ಧನೆ ಎರಡು ಪಟ್ಟು ಬೇಕು ಅಂದರೆ ಅದು ಸಿಗುವ ಆಕಾಶದ ವಿಸ್ತೀರ್ಣ ನಾಲ್ಕನೇ ಒಂದಕ್ಕೆ ಇಳಿಯುತ್ತೆ. ಇನ್ನು ಸಿಕ್ಕಿದ ಚುಕ್ಕೆ ಒಂಟಿ ನಕ್ಷತ್ರವೋ ಸಣ್ಣ ಗುಂಪೋ ಅನ್ನೋದು ಬೇರೆ ಜಗಳ. ಎರೆಂಡೆಲ್ ವಿಷಯದಲ್ಲೂ ಅದು ನಡೀತಾನೇ ಇದೆ. ಹಾಗಾಗಿ ನಿಜವಾಗಿ ಹುಡುಕೋದು ಒಂಟಿ ನಕ್ಷತ್ರವನ್ನಲ್ಲ, ಕೆಲವು ಸಾವಿರ ಸೌರರಾಶಿಯ ಗುಂಪನ್ನು, ಅದೂ ಮಸೂರದ ಹಿಂದೆ.

#4 ರೋಹಿತರೇಖೆ

1640ರ ವಿಷಯಕ್ಕೆ ಬರ್ತೀನಿ. ಹೀಲಿಯಂನ ಎರಡೂ ಎಲೆಕ್ಟ್ರಾನ್ ಕಿತ್ತುಹಾಕಲು 54.4 ಎಲೆಕ್ಟ್ರಾನ್-ವೋಲ್ಟ್ ಮೀರಿದ ಫೋಟಾನ್ ಬೇಕು. ಮಾಮೂಲಿ ನಕ್ಷತ್ರಗಳಲ್ಲಿ ಅಂಥವು ಇಲ್ಲವೆನ್ನುವಷ್ಟು ಕಡಿಮೆ. ಒಂದು ಲಕ್ಷ ಕೆಲ್ವಿನ್ ಮೇಲ್ಮೈಯಿದ್ದರೆ ಧಾರಾಳ. ಕಿತ್ತುಹೋದ ಎಲೆಕ್ಟ್ರಾನ್ ವಾಪಸ್ ಬಂದು ಮೆಟ್ಟಿಲಿಳಿಯುವಾಗ 1640 ಹೊರಡುತ್ತೆ. ತರ್ಕ ಚೆನ್ನಾಗಿದೆ. ಆದರೆ ಬೆಳ್ಳಗಿರೋದೆಲ್ಲ ಹಾಲಲ್ಲ. ಕಪ್ಪುಕುಳಿಯ ಸುತ್ತಲಿನ ತಟ್ಟೆ, ಎಕ್ಸ್-ರೇ ಜೋಡಿಗಳು, ವೇಗದ ಆಘಾತ ಅಲೆ, ವುಲ್ಫ್-ರಾಯೆ ನಕ್ಷತ್ರದ (ಹೊರಪದರ ಕಳಚಿಕೊಳ್ಳುತ್ತಿರುವ ಬಿಸಿ ದೈತ್ಯ) ಗಾಳಿ, ಇವೆಲ್ಲ ಅದೇ ಗೆರೆ ಕೊಡುತ್ತವೆ. ವುಲ್ಫ್-ರಾಯೆ ಗೆರೆ ಅಗಲವಾಗಿರುತ್ತೆ, ವೇಗದ ಲೆಕ್ಕದಲ್ಲಿ ಸೆಕೆಂಡಿಗೆ ಸಾವಿರ ಕಿ.ಮೀ. ಮೀರಿ, ಆದರೆ ಲೋಹ ಕಡಿಮೆಯಾದಂತೆ ಆ ಗಾಳಿಯೂ ತೆಳುವಾಗುತ್ತೆ, ಅಗಲವೂ ಕುಗ್ಗುತ್ತೆ. ಅಲ್ಲಿಗೆ ಆ ಗುರುತೂ ಕೈಕೊಡುತ್ತೆ.

ಉಪಕರಣದ ಕಡೆಯಿಂದ ಒಂದು ಬಲೆ. ರೆಡ್‌ಶಿಫ್ಟ್ 10.6ರಲ್ಲಿ 1640 ಬಂದು ಬೀಳೋದು 1.90 ಮೈಕ್ರಾನ್‌ಗೆ. ಪಕ್ಕದಲ್ಲೇ ಆಮ್ಲಜನಕದ 1661, 1666 ಜೋಡಿ. ಇವೆರಡನ್ನು ಬೇರೆಬೇರೆ ನೋಡಲು ರೋಹಿತದ ವಿಭೇದನ (ಪಕ್ಕಪಕ್ಕದ ತರಂಗಾಂತರಗಳನ್ನು ಬೇರೆ ಮಾಡುವ ಶಕ್ತಿ) 70 ಆದರೂ ಬೇಕು. ವೆಬ್‌ನ ರೋಹಿತಮಾಪಕ ನಿಯರ್‌ಸ್ಪೆಕ್‌ನ ಪ್ರಿಸಂ ಆ ಜಾಗದಲ್ಲಿ ಕೊಡೋದು 50ರ ಆಸುಪಾಸು. ಅಂದರೆ ಪ್ರಿಸಂನಲ್ಲಿ ಕಂಡ "ಹೀಲಿಯಂ" ಉಬ್ಬಿನೊಳಗೆ ಆಮ್ಲಜನಕ ಅಡಗಿ ಕೂತಿರಬಹುದು. ಲೋಹವೇ ಇಲ್ಲ ಅಂತ ಸಾಬೀತು ಮಾಡೋಕೆ ಹೊರಟ ಗೆರೆಯೊಳಗೇ ಲೋಹ! ಅದಕ್ಕೇ ಅಲ್ಲಿ ಜಿ235ಎಂ ಗ್ರೇಟಿಂಗ್ ಹಾಕಿ ಸಾವಿರದ ವಿಭೇದನದಲ್ಲಿ ನೋಡಬೇಕು.

ಕಾಲದ್ದೂ ಒಂದು ಮಿತಿ ಇದೆ. ಈ ಗೆರೆಯನ್ನು ಉರಿಸೋ ದೈತ್ಯರು ಬದುಕೋದು 20-30 ಲಕ್ಷ ವರ್ಷ. ಅವು ಸತ್ತ ಮೇಲೆ ಗುಂಪು ಲೋಹರಹಿತವಾಗೇ ಉಳಿದಿದ್ದರೂ 1640 ಆರಿಹೋಗಿರುತ್ತೆ. ಗೆರೆ ಇಲ್ಲ ಅಂದಮಾತ್ರಕ್ಕೆ ಪಾಪ್-3 ಅಲ್ಲ ಅಂತಲೂ ಹೇಳೋಹಾಗಿಲ್ಲ.

#5 ಸಂದೇಹಿ

ಸಿಆರ್7 ಗೆಲಾಕ್ಸಿ ಮರೆತುಬಿಟ್ರಾ? 2015, ರೆಡ್‌ಶಿಫ್ಟ್ 6.6. ನೆಲದ ದೂರದರ್ಶಕದಲ್ಲಿ 1640 ಕಂಡಿತು, ಲೋಹದ ಗೆರೆ ಒಂದೂ ಇಲ್ಲ, ಎಲ್ಲರೂ ಕುಣಿದರು. 2017ರಲ್ಲಿ ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕ ಅದೇ ಕಾಯದಲ್ಲಿ ಇಂಗಾಲದ 158 ಮೈಕ್ರಾನ್ ಗೆರೆ ತೋರಿಸಿತು. ಆಮೇಲೆ ಅದೇ ದತ್ತಾಂಶವನ್ನು ಮತ್ತೆ ಸಂಸ್ಕರಿಸಿದಾಗ ಹೀಲಿಯಂ ಗೆರೆಯೇ ಸೊರಗಿತು. ನೆಲದಿಂದ ಅವಕೆಂಪಿನಲ್ಲಿ ನೋಡುವಾಗ ವಾತಾವರಣದ ಹೈಡ್ರಾಕ್ಸಿಲ್ ಗೆರೆಗಳು ಬಾಚಣಿಗೆ ಹಲ್ಲಿನ ಹಾಗೆ ತುಂಬಿರುತ್ತವೆ. ಅವನ್ನು ಕಳೆಯೋದರಲ್ಲಿ ಚೂರು ಹೆಚ್ಚುಕಡಿಮೆಯಾದರೂ ಉಳಿದ ಕಸ ಗೆರೆಯ ಹಾಗೇ ಕಾಣುತ್ತೆ.

ವೆಬ್ ಮೇಲೂ ಪಾಠ ತಪ್ಪಿಲ್ಲ. ಸೀರ್ಸ್-93316 ಅನ್ನೋ ಗೆಲಾಕ್ಸಿ, ಫಿಲ್ಟರ್ ಬಣ್ಣಗಳ ಲೆಕ್ಕದಲ್ಲಿ (ಫೋಟೋಮೆಟ್ರಿ) ರೆಡ್‌ಶಿಫ್ಟ್ 16. 2023ರಲ್ಲಿ ರೋಹಿತ ತೆಗೆದಾಗ 4.9. ದೂಳು ತುಂಬಿದ ಗೆಲಾಕ್ಸಿಯ ಎರಡು ಜೋರಾದ ಗೆರೆಗಳು (ಆಮ್ಲಜನಕ, ಜಲಜನಕದ ಎಚ್-ಆಲ್ಫಾ) ಸರಿಯಾದ ಫಿಲ್ಟರ್‌ಗಳಲ್ಲೇ ಬಿದ್ದು ಲೈಮನ್ ಕಡಿತದ (ದೂರದ ಗೆಲಾಕ್ಸಿಯ ಬೆಳಕು ಜಲಜನಕ ಹೀರಿ ಒಂದು ತರಂಗಾಂತರದ ಕೆಳಗೆ ಮಾಯವಾಗೋದು) ವೇಷ ಹಾಕಿದ್ದವು. ಬರೀ ಫೋಟೋಮೆಟ್ರಿ ನಂಬಿ "ಮೊದಲ ನಕ್ಷತ್ರ" ಅನ್ನೋರ ಮಾತನ್ನು ಕಿವಿಗೆ ಹಾಕ್ಕೋಬೇಡಿ.

#6 ರೋಹಿತರೇಖೆ

ಸಂದೇಹಿಯವರ ಮಾತು ನಿಜ. ಅದಕ್ಕೇ ಈಗ ಒತ್ತು 1640ರಿಂದ ಆಮ್ಲಜನಕದ 5007ಕ್ಕೆ ಜಾರಿದೆ. ಎಳೆಯ, ಬಿಸಿ, ಮಾಮೂಲಿ ಗೆಲಾಕ್ಸಿಯಲ್ಲಿ 5007 ಗೆರೆ ಜಲಜನಕದ ಎಚ್-ಬೀಟಾ ಗೆರೆಗಿಂತ ಹಲವು ಪಟ್ಟು ಜೋರು. ಲೋಹ ಬಹಳ ಕಡಿಮೆಯಿರುವ ಕಡೆ ಈ ಅನುಪಾತ ಲೋಹದ ಜೊತೆಗೇ ನೇರವಾಗಿ ಇಳಿಯುತ್ತೆ. ಹಾಗಾಗಿ "ಎಚ್-ಬೀಟಾ ಇದೆ, 5007 ಇಲ್ಲ" ಅನ್ನೋದೇ ಬೇಟೆಯ ಗುರುತು.

ಆದರೆ "ಇಲ್ಲ" ಅನ್ನೋದಕ್ಕೆ ಬೆಲೆ ಎಷ್ಟು ನೋಡಿ. ಎಚ್-ಬೀಟಾ ಗದ್ದಲದ 5 ಪಟ್ಟು ಜೋರಾಗಿ ಸಿಕ್ಕಿದೆ ಅಂತಿಟ್ಟುಕೊಳ್ಳಿ. ಪಕ್ಕದಲ್ಲೇ ಇರುವ 5007ಕ್ಕೆ ಗದ್ದಲ ಅಷ್ಟೇ, ಅದು ಕಾಣಲಿಲ್ಲ. 3 ಸಿಗ್ಮಾ (ಗದ್ದಲದ ಮೂರು ಪಟ್ಟು) ಮಿತಿ ಹಾಕಿದರೆ ಅನುಪಾತ 3/5, ಅಂದರೆ 0.6ಕ್ಕಿಂತ ಕಡಿಮೆ ಅಂತ ಮಾತ್ರ ಹೇಳಬಹುದು. ಅದು ಲೋಹ ಬಡವಾದ ಮಾಮೂಲಿ ಗೆಲಾಕ್ಸಿಗೂ ಹೊಂದುತ್ತೆ. 0.1 ಅನ್ನಬೇಕಾದರೆ ಎಚ್-ಬೀಟಾ 30 ಸಿಗ್ಮಾ ಬೇಕು. ಗದ್ದಲ ಸಮಯದ ವರ್ಗಮೂಲದಂತೆ ಇಳಿಯೋದರಿಂದ ಆರು ಪಟ್ಟಿಗೆ 36 ಪಟ್ಟು ಸಮಯ. ಹತ್ತು ಗಂಟೆ ಮುಗಿಸಿದ್ದವರು 360 ಗಂಟೆ ಕೇಳಬೇಕು; ಯಾವ ಸಮಿತಿ ಕೊಡುತ್ತೆ? ಮಸೂರ ಕೊಡುವ ವರ್ಧನೆಯಷ್ಟೇ ಗತಿ. ಇಲ್ಲವೇ ಎಚ್-ಆಲ್ಫಾ ಹಿಡಿಯಬೇಕು: ದೂಳಿಲ್ಲದಿದ್ದರೆ ಅದು ಎಚ್-ಬೀಟಾದ 2.8 ಪಟ್ಟು, ಹಾಗಾಗಿ ಅದೇ ಸಮಯದಲ್ಲಿ ಹೆಚ್ಚು ಬಿಗಿಯಾದ ಮಿತಿ.

ಇದಕ್ಕೂ ಗಡಿ ಇದೆ. ನಿಯರ್‌ಸ್ಪೆಕ್ 5.3 ಮೈಕ್ರಾನ್‌ಗೆ ನಿಲ್ಲುತ್ತೆ. ಎಚ್-ಆಲ್ಫಾ ರೆಡ್‌ಶಿಫ್ಟ್ 7ಕ್ಕೆ, 5007 ಸುಮಾರು 9.5ಕ್ಕೆ ಕೈಬಿಡುತ್ತವೆ. ಮೊದಲ ನಕ್ಷತ್ರಗಳು 20-30ರಲ್ಲಿ ಹುಟ್ಟಿದವು, ನಾವು ಹುಡುಕೋದು 6-7ರಲ್ಲಿ. ಅಷ್ಟು ತಡವಾಗಿಯೂ ಲೋಹ ತಲುಪದ ಮೂಲೆಗಳು ಉಳಿದಿರುತ್ತವೆ ಅನ್ನುವ ನಂಬಿಕೆಯ ಮೇಲೆ ಈ ದಾರಿ ನಿಂತಿದೆ. ಎಂಎಸಿಎಸ್ ಜೆ0416 ಗೆಲಾಕ್ಸಿ ಗುಚ್ಛದ ಹಿಂದಿನ ಎಲ್ಎಪಿ1 ಅನ್ನೋ ಪುಟ್ಟ ನಕ್ಷತ್ರಗುಂಪು, ರೆಡ್‌ಶಿಫ್ಟ್ 6.64, ಅಂಥ ಮೂಲೆ. ಅದರ ಬಿ ಭಾಗದಲ್ಲಿ ಆಳವಾದ ರೋಹಿತ ತೆಗೆದಾಗ ಆಮ್ಲಜನಕ ಸಿಕ್ಕಿತು, ಸೂರ್ಯನಲ್ಲಿರುವುದರ ಸುಮಾರು 240ನೇ ಒಂದು ಭಾಗ. ಶೂನ್ಯವಲ್ಲ. ಅದು ಈಗತಾನೇ ಸಿಡಿದ ಮೊದಲ ತಲೆಮಾರಿನ ಬೂದಿಯೋ, ಎರಡನೇ ತಲೆಮಾರೋ ಅನ್ನೋ ವಾದ ಎರಡೂ ಕಡೆ ಇದೆ.

#7 ಸಂದೇಹಿ

ಒಂದು ಸೇರಿಸಿ. 5007 ಕಾಣದಿರೋದಕ್ಕೆ ಆಮ್ಲಜನಕ ಇಲ್ಲದಿರೋದೊಂದೇ ಕಾರಣವಲ್ಲ. ಆ ಗೆರೆ ಎರಡು ಎಲೆಕ್ಟ್ರಾನ್ ಕಳಕೊಂಡ ಆಮ್ಲಜನಕದ್ದು. ವಿಕಿರಣ ಮೃದುವಾಗಿದ್ದರೆ ಒಂದೇ ಕಳಕೊಂಡು 3727ರಲ್ಲಿ ಹೊಳೆಯುತ್ತೆ, ವಿಪರೀತ ಗಡುಸಾಗಿದ್ದರೆ ಮೂರನೆಯದನ್ನೂ ಕಳಕೊಂಡಿರುತ್ತೆ. ಅನಿಲ ತೀರಾ ಒತ್ತಾಗಿದ್ದರೆ ಹೊಳೆಯೋ ಮೊದಲೇ ಡಿಕ್ಕಿಯಿಂದ ಶಕ್ತಿ ಕಳೆದುಹೋಗುತ್ತೆ. 3727 ನೋಡದೆ ಲೋಹ ಇಲ್ಲ ಅನ್ನಬಾರದು.

#8 ಆಂಟೆನಾ78

ಇನ್ನು 20ರ ರೆಡ್‌ಶಿಫ್ಟನ್ನೇ ಮುಟ್ಟೋ ದಾರಿ. ತಟಸ್ಥ ಜಲಜನಕದ 21 ಸೆಂ.ಮೀ. ಗೆರೆ, 1420.4 ಮೆಗಾಹರ್ಟ್ಸ್. ರೆಡ್‌ಶಿಫ್ಟ್ 17ರಿಂದ ಹೊರಟರೆ ಒಂದು ಕೂಡಿಸಿ 18ರಿಂದ ಭಾಗಿಸಿ: 78.9. ಮೊದಲ ನಕ್ಷತ್ರಗಳ ಲೈಮನ್-ಆಲ್ಫಾ ಅತಿನೇರಳೆ ಬೆಳಕು ಸುತ್ತಲಿನ ಜಲಜನಕದ ಸ್ಪಿನ್ ತಾಪವನ್ನು (21 ಸೆಂ.ಮೀ. ಗೆರೆ ಹೀರುತ್ತೋ ಸೂಸುತ್ತೋ ನಿರ್ಧರಿಸುವ ತಾಪ) ಅನಿಲದ ತಾಪಕ್ಕೆ ಕಟ್ಟಿಹಾಕುತ್ತೆ. ಆಗ ಅನಿಲ ಸುಮಾರು 7 ಕೆಲ್ವಿನ್, ಮಹಾಸ್ಫೋಟದ ಹಿನ್ನೆಲೆ ವಿಕಿರಣ 49. ತಣ್ಣಗಿರೋದು ಬಿಸಿ ಹಿನ್ನೆಲೆಯನ್ನು ಹೀರುತ್ತೆ, ರೋಹಿತದಲ್ಲಿ ಒಂದು ತಗ್ಗು ಮೂಡುತ್ತೆ. ಆ ತಗ್ಗು ನಕ್ಷತ್ರ ಹುಟ್ಟಿದ ಗಳಿಗೆಯ ಮುದ್ರೆ. ಮಾಮೂಲಿ ಭೌತಶಾಸ್ತ್ರದಲ್ಲಿ ಆಳ ಹೆಚ್ಚೆಂದರೆ 0.2 ಕೆಲ್ವಿನ್.

2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಎಡ್ಜಸ್ ಪ್ರಯೋಗ 78 ಮೆಗಾಹರ್ಟ್ಸ್‌ನಲ್ಲಿ ಅರ್ಧ ಕೆಲ್ವಿನ್ ಆಳ, 19 ಮೆಗಾಹರ್ಟ್ಸ್ ಅಗಲದ ಚಪ್ಪಟೆ ತಳದ ತಗ್ಗು ಕಂಡಿತು ಅಂದಿತು. ಅದು ನಿಜವಾದರೆ ಅನಿಲ ಇನ್ನೂ ತಣ್ಣಗಿರಬೇಕು ಅಥವಾ ಹಿನ್ನೆಲೆ ಇನ್ನೂ ಬಿಸಿಯಿರಬೇಕು.

ಕಷ್ಟ ಎಲ್ಲಿದೆ ಅಂದರೆ, ಸಂವೇದನೆಯಲ್ಲಿ ಅಲ್ಲ. 78 ಮೆಗಾಹರ್ಟ್ಸ್‌ನಲ್ಲಿ ನಮ್ಮದೇ ಗೆಲಾಕ್ಸಿಯ ಸಿಂಕ್ರೊಟ್ರಾನ್ (ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳ) ರೇಡಿಯೋ ಕಿರಿಕಿರಿ 1,600 ಕೆಲ್ವಿನ್. 400 ಕಿಲೋಹರ್ಟ್ಸ್ ಚಾನೆಲ್‌ನಲ್ಲಿ ಗದ್ದಲವನ್ನು 0.02 ಕೆಲ್ವಿನ್‌ಗೆ ಇಳಿಸಲು 16,000 ಸೆಕೆಂಡ್ ಸಾಕು, ಅಂದರೆ ನಾಲ್ಕೂವರೆ ಗಂಟೆ. ಒಂದು ರಾತ್ರಿಯ ಕೆಲಸ. ಆಮೇಲಿನ ವರ್ಷಗಳೆಲ್ಲ ಹೋಗೋದು ಉಪಕರಣ ಹೇಳುವ ಸುಳ್ಳು ಹಿಡಿಯೋದರಲ್ಲಿ.

ಮೊದಲನೇ ಸುಳ್ಳು ಆಂಟೆನಾದ ಪ್ರತಿಫಲನ. ವೋಲ್ಟೇಜ್ ಲೆಕ್ಕದಲ್ಲಿ ಹತ್ತನೇ ಒಂದು ಭಾಗ ವಾಪಸ್ ಹೋಗುತ್ತೆ ಅಂದರೆ ಶಕ್ತಿಯಲ್ಲಿ ಶೇ 1, ಅಂದರೆ 16 ಕೆಲ್ವಿನ್ ನಷ್ಟ. ಆ ಹತ್ತನೇ ಒಂದನ್ನು ಅಳೆಯೋದರಲ್ಲಿ ಶೇ 1 ತಪ್ಪಿದರೆ ಶಕ್ತಿಯಲ್ಲಿ ಶೇ 2, ಅಂದರೆ 0.3 ಕೆಲ್ವಿನ್ ತಪ್ಪು. ಹುಡುಕುತ್ತಿರೋ ತಗ್ಗಿಗಿಂತ ಅದೇ ದೊಡ್ಡದು. ಎರಡನೇದು ಕೇಬಲ್. ಆಂಟೆನಾದಿಂದ ರಿಸೀವರ್‌ಗೆ 10 ಮೀಟರ್ ಕೋಆಕ್ಸ್ ಎಳೆದರೆ ಎರಡು ತುದಿಯ ಪ್ರತಿಫಲನ ಸೇರಿ 10 ಮೆಗಾಹರ್ಟ್ಸ್‌ಗೊಂದು ಅಲೆ ಎಬ್ಬಿಸುತ್ತೆ. ಬೇಕಾದ ತಗ್ಗಿನ ಅಗಲವೂ ಅಷ್ಟರದ್ದೇ! ಕೇಬಲನ್ನು ಒಂದು ಮೀಟರ್‌ಗೆ ಇಳಿಸಿ, ಅಲೆ 100 ಮೆಗಾಹರ್ಟ್ಸ್‌ಗೆ ಹಿಗ್ಗಿ ನಿರುಪದ್ರವಿ ಆಗುತ್ತೆ. ಅದಕ್ಕೇ ಮೊದಲ ಆಂಪ್ಲಿಫೈಯರನ್ನು ಆಂಟೆನಾದ ಬುಡಕ್ಕೇ ಕಟ್ಟೋದು.

ಮೂರನೇದು ಎಲ್ಲಕ್ಕಿಂತ ಮೋಸದ್ದು: ಗೆಲಾಕ್ಸಿಯ ಗದ್ದಲ ಕಳೆಯಲು ಬಳಸೋ ಬಹುಪದೋಕ್ತಿ. ಪದ ಕಡಿಮೆಯಾದರೆ ಉಳಿಕೆ ಅಲೆಯಾಡುತ್ತೆ, ಹೆಚ್ಚಾದರೆ ತಗ್ಗನ್ನೇ ನುಂಗಿ ನೀರು ಕುಡಿಯುತ್ತೆ. ಎಡ್ಜಸ್ ದತ್ತಾಂಶಕ್ಕೆ 12.5 ಮೆಗಾಹರ್ಟ್ಸ್ ಅವಧಿಯ ಒಂದು ಸೈನ್ ಅಲೆ ಸೇರಿಸಿದರೂ ಚೆನ್ನಾಗಿ ಹೊಂದುತ್ತೆ ಅಂತ ಅದೇ ವರ್ಷ ತಕರಾರು ಬಂತು. ಆಂಟೆನಾದ ಕೆಳಗಿನ ಲೋಹದ ಹಾಸು, ಅದರ ಕೆಳಗಿನ ಮಣ್ಣು ಸೇರಿ ಅನುರಣನ ಎಬ್ಬಿಸಿರಬಹುದು ಅನ್ನೋ ವಾದವೂ ಬಂತು.

#9 ಬೆಳಕಿನಬೆನ್ನು

ರಾಮನ್ ಸಂಶೋಧನಾ ಸಂಸ್ಥೆಯ ಸಾರಸ್ 3 ರೇಡಿಯೋ ಪ್ರಯೋಗದಲ್ಲಿ ಆಂಟೆನಾವನ್ನು ನೀರಿನ ಮೇಲೆ ತೇಲಿಬಿಟ್ಟಿದ್ದು ಈ ಮಣ್ಣಿನ ಕಾರಣಕ್ಕಾ?

#10 ಆಂಟೆನಾ78

ಹೌದು. ಮಣ್ಣು ಪದರಪದರ: ಮೇಲೆ ಒಣಗಿದ್ದು, ಕೆಳಗೆ ತೇವ, ಅದರ ಕೆಳಗೆ ಬಂಡೆ. ಪ್ರತಿ ಪದರದ ಅಂಚೂ ಒಂದು ಕನ್ನಡಿ, ಪ್ರತಿ ಕನ್ನಡಿಯೂ ಆವರ್ತಾಂಕಕ್ಕೆ ತಕ್ಕಂತೆ ಒಂದೊಂದು ಅಲೆ ಸೇರಿಸುತ್ತೆ. ಮಳೆ ಬಂದರೆ ಎಲ್ಲ ಬದಲು. ಸಿಹಿನೀರು ಆಂಟೆನಾ ಕೆಳಗೆ ಒಂದೇ ಸಮ, ಅದರ ವಿದ್ಯುತ್ ಗುಣಾಂಕ 80ರ ಹತ್ತಿರ, ಪದರ ಇಲ್ಲ. ಕಂಪ್ಯೂಟರ್ ಮಾದರಿಯಲ್ಲಿ ಕೂರಿಸೋದು ಸಲೀಸು. ರಾಮನ್ ಸಂಶೋಧನಾ ಸಂಸ್ಥೆಯವರು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನಲ್ಲಿ ಅಳೆದ ದತ್ತಾಂಶ 2022ರಲ್ಲಿ ಪ್ರಕಟವಾಯಿತು: ಎಡ್ಜಸ್ ಹೇಳಿದ ಆಕಾರದ ತಗ್ಗನ್ನು ಶೇ 95.3 ವಿಶ್ವಾಸಮಟ್ಟದಲ್ಲಿ ತಳ್ಳಿಹಾಕಿತು.

ಗಮನಿಸಿ, ತಳ್ಳಿಹಾಕಿದ್ದು ಆ ನಿರ್ದಿಷ್ಟ ತಗ್ಗನ್ನು. 0.2 ಕೆಲ್ವಿನ್‌ನ ಮಾಮೂಲಿ ತಗ್ಗು ಇನ್ನೂ ಅಡಗಿಕೊಂಡೇ ಇದೆ.

ಮೇಲಿನ ಕಡೆಯ ಗೋಡೆ ಎಫ್ಎಂ. 88ರಿಂದ 108 ಮೆಗಾಹರ್ಟ್ಸ್ ಅಂದರೆ ರೆಡ್‌ಶಿಫ್ಟ್ 15ರಿಂದ 12. ಸ್ಟೇಷನ್ ದಿಗಂತದ ಆಚೆಯಿದ್ದರೂ ಉಲ್ಕೆಯ ಬಾಲಕ್ಕೆ, ವಿಮಾನದ ಹೊಟ್ಟೆಗೆ ಬಡಿದು ಬರುತ್ತೆ. ಚಂದ್ರನ ಆಚೆ ಬದಿಗೆ ಹೋಗುವ ಪ್ರತುಷ್, ಲೂಸೀ-ನೈಟ್ ಯೋಜನೆಗಳ ತರ್ಕ ಇದೇ: ಭೂಮಿಯ ಗಲಾಟೆಗೆ ಚಂದ್ರನೇ ಗೋಡೆ, ಅಯಾನುಗೋಳದ ಕಾಟವೂ ಇಲ್ಲ.

#11 ಕಣಗಣಕ

ಸರಾಸರಿ ತಗ್ಗಲ್ಲದೆ ಏರಿಳಿತಗಳ ನಕ್ಷೆ ಹುಡುಕೋ ದಾರಿಯೂ ಇದೆ. ದಕ್ಷಿಣ ಆಫ್ರಿಕಾದ ರೇಡಿಯೋ ದೂರದರ್ಶಕ ಹೆರಾ (14 ಮೀಟರಿನ 350 ಬುಟ್ಟಿಗಳು), ಕಟ್ಟುತ್ತಿರುವ ಎಸ್‌ಕೆಎ-ಲೋ (1,31,072 ಆಂಟೆನಾ, 50ರಿಂದ 350 ಮೆಗಾಹರ್ಟ್ಸ್). ಅದಕ್ಕೆ ಬೇರೆಯೇ ಎಳೆ ಬೇಕು, ಇಲ್ಲಿ ಬೇಡ.

#12 ಹಳೆಯನಕ್ಷತ್ರ

ಎಲ್ಲರೂ ದೂರ ನೋಡ್ತಿದ್ದೀರಿ, ಹಿತ್ತಲಲ್ಲೂ ಹುಡುಕಿ. #2ರಲ್ಲಿ ಹೇಳಿದ ಹಾಗೆ ತಟ್ಟೆ ಒಡೆದು 0.8 ಸೌರರಾಶಿಗಿಂತ ಚಿಕ್ಕ ನಕ್ಷತ್ರ ಹುಟ್ಟಿದ್ದರೆ ಅದು ಇಂದಿಗೂ ಉರಿಯುತ್ತಿರಬೇಕು, ನಮ್ಮ ಗೆಲಾಕ್ಸಿಯ ಹೊರವಲಯದಲ್ಲೇ. ಒಂದೂ ಸಿಕ್ಕಿಲ್ಲ. ಆದರೆ ಮೊದಲನೆಯವು ಸಿಡಿದ ಬೂದಿಯಿಂದ ಹುಟ್ಟಿದ ಎರಡನೇ ತಲೆಮಾರು ಸಿಕ್ಕಿದೆ, ಆ ಬೂದಿಯ ಪಾಕ ಓದಬಹುದು.

ಜರಡಿ ಮೂರು ಹಂತದ್ದು. ಮೊದಲು ಕ್ಯಾಲ್ಸಿಯಂನ 3934 ಆಂಗ್‌ಸ್ಟ್ರಾಮ್ ಕೆ ಗೆರೆಯ ಮೇಲೆ ಕೂತ ಕಿರಿದಾದ ಫಿಲ್ಟರ್‌ನಲ್ಲಿ ಲಕ್ಷಾಂತರ ನಕ್ಷತ್ರಗಳ ಕಾಂತಿ ಅಳೆಯೋದು (ಸ್ಕೈಮ್ಯಾಪರ್, ಪ್ರಿಸ್ಟೀನ್ ಸಮೀಕ್ಷೆಗಳು). ಅದೇ ತಾಪದ ಬೇರೆ ನಕ್ಷತ್ರಗಳಿಗಿಂತ ಅಲ್ಲಿ ಪ್ರಕಾಶಮಾನವಾಗಿದ್ದರೆ ಕ್ಯಾಲ್ಸಿಯಂ ಕಡಿಮೆ. ಎರಡು, ಅಂಥವಕ್ಕೆ 2,000-3,000 ವಿಭೇದನದ ರೋಹಿತ. ಮೂರು, ಉಳಿದ ಬೆರಳೆಣಿಕೆಯವಕ್ಕೆ ದೊಡ್ಡ ಕನ್ನಡಿಯಲ್ಲಿ 30,000 ಮೀರಿದ ವಿಭೇದನ.

ಮೊದಲ ಹಂತದಲ್ಲೇ ಮೋಸ ಹೋಗೋ ಜಾಗಗಳಿವೆ. ಚುರುಕು ನಕ್ಷತ್ರಗಳಲ್ಲಿ ಕೆ ಗೆರೆಯ ನಡುವೆ ಉತ್ಸರ್ಜನೆ ಎದ್ದು ತಗ್ಗನ್ನು ತುಂಬಿಬಿಡುತ್ತೆ. ಲೋಹ ಇದ್ದರೂ ಇಲ್ಲದಂತೆ ಕಾಣುತ್ತೆ. ಇಂಗಾಲ ಹೆಚ್ಚಿರೋ ನಕ್ಷತ್ರದಲ್ಲಿ ಇಂಗಾಲದ ಅಣುಪಟ್ಟಿಗಳು ಅದೇ ಫಿಲ್ಟರ್‌ಗೆ ನುಗ್ಗುತ್ತವೆ. ನಿಜವಾದ ಹಳೆಯ ನಕ್ಷತ್ರ ಕೈಜಾರುತ್ತೆ. ಇದು ದುಬಾರಿ ನಷ್ಟ, ಕಬ್ಬಿಣ ತೀರಾ ಕಡಿಮೆಯಿರುವವುಗಳಲ್ಲಿ ಇಂಗಾಲ ಹೆಚ್ಚಿರೋವೇ ಜಾಸ್ತಿ. ಮೂರನೇ ಹಂತದಲ್ಲಿ ನಡುವಿನ ಅಂತರಿಕ್ಷದ ಕ್ಯಾಲ್ಸಿಯಂ ನಕ್ಷತ್ರದ ಗೆರೆಯ ಮೇಲೆ ಬೀಳುತ್ತೆ. ನಕ್ಷತ್ರದ ವೇಗ ಬೇರೆಯಿದ್ದರೆ ಎರಡೂ ಸರಿದು ನಿಲ್ಲುತ್ತವೆ, ಇಲ್ಲದಿದ್ದರೆ ಬಿಡಿಸೋಕಾಗಲ್ಲ.

2014ರಲ್ಲಿ ಪ್ರಕಟವಾದ ಎಸ್‌ಎಂಎಸ್‌ಎಸ್ ಜೆ0313-6708 ನಕ್ಷತ್ರದಲ್ಲಿ ಕಬ್ಬಿಣದ ಗೆರೆ ಒಂದೂ ಸಿಗಲಿಲ್ಲ: ಸೂರ್ಯನಲ್ಲಿರೋದರ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ. ಆಮೇಲೆ ವಾತಾವರಣವನ್ನು ಮೂರು ಆಯಾಮದಲ್ಲಿ, ಉಷ್ಣ ಸಮತೋಲ ಊಹಿಸದೆ ಲೆಕ್ಕ ಹಾಕಿದಾಗ ಆ ಮಿತಿ ಸಡಿಲವಾಗಿ ಮೂವತ್ತು ಲಕ್ಷದಲ್ಲೊಂದಕ್ಕೆ ಬಂತು. ಅದೇ ರೋಹಿತ, ಮಾದರಿ ಮಾತ್ರ ಬೇರೆ. ಈ ಕ್ಷೇತ್ರದ ಹಳೇ ಸಂಖ್ಯೆಗಳನ್ನು ಹಾಗೇ ಎತ್ತಿ ಬಳಸಬೇಡಿ.

#13 ಕಣಗಣಕ

ಜೋಡಿ-ಅಸ್ಥಿರತೆ ಸಿಡಿತದ ಗುರುತು ಸಿಕ್ಕಿದೆಯಾ? 140ರಿಂದ 260 ಸೌರರಾಶಿಯ ಲೋಹರಹಿತ ನಕ್ಷತ್ರದ ಗರ್ಭದಲ್ಲಿ ಗಾಮಾ ಕಿರಣಗಳು ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗಿ ಮಾರ್ಪಟ್ಟು ಒತ್ತಡ ಕುಸಿದು, ಇಡೀ ನಕ್ಷತ್ರ ಕಪ್ಪುಕುಳಿಯನ್ನೂ ಉಳಿಸದೆ ಛಿದ್ರವಾಗಬೇಕು. ದೈತ್ಯರು ನಿಜವಾಗಿ ಇದ್ದರು ಅನ್ನೋದಕ್ಕೆ ಅದಕ್ಕಿಂತ ನೇರ ಸಾಕ್ಷಿ ಇಲ್ಲ.

#14 ಹಳೆಯನಕ್ಷತ್ರ

2023ರಲ್ಲಿ ಲ್ಯಾಮೋಸ್ಟ್ ಜೆ1010+2358 ಅಂತ ಒಂದು ನಕ್ಷತ್ರದ ಸುದ್ದಿ ಬಂತು. ಆ ಸಿಡಿತದ ಗುರುತು ಸಮ-ಬೆಸ ಏಣಿ: ಮೆಗ್ನೀಸಿಯಂ, ಸಿಲಿಕಾನ್, ಕ್ಯಾಲ್ಸಿಯಂ ತರದ ಸಮ ಪರಮಾಣುಸಂಖ್ಯೆಯವು ಎತ್ತರದಲ್ಲಿ, ಸೋಡಿಯಂ, ಅಲ್ಯೂಮಿನಿಯಂ, ಸ್ಕ್ಯಾಂಡಿಯಂ ತರದ ಬೆಸ ಪರಮಾಣುಸಂಖ್ಯೆಯವು ಪಾತಾಳದಲ್ಲಿ. ಅದರಲ್ಲಿ ಸೋಡಿಯಂ ತೀರಾ ಕಡಿಮೆ ಇತ್ತು, 260 ಸೌರರಾಶಿಯ ಮಾದರಿಗೆ ಹೊಂದಿತು. ಮರುವರ್ಷ ಇನ್ನೂ ಒಳ್ಳೆಯ ರೋಹಿತದಲ್ಲಿ ಇಂಗಾಲ, ಅಲ್ಯೂಮಿನಿಯಂ ಅಳೆದಾಗ ಅಂಥ ಏಣಿ ನಿಲ್ಲಲಿಲ್ಲ, ಮಾಮೂಲಿ ಸೂಪರ್‌ನೋವಾಗಳೇ ವಿವರಿಸಲು ಸಾಕಾದವು. ಅಳೆಯದ ಧಾತುಗಳ ಜಾಗದಲ್ಲಿ ಮಾದರಿ ತನಗೆ ಬೇಕಾದ್ದು ಓದಿಕೊಳ್ಳುತ್ತೆ.

ಅಂದಹಾಗೆ, ಇಂಥದ್ದನ್ನು ಅತಿ ಕಡಿಮೆ ಕಬ್ಬಿಣದವುಗಳಲ್ಲಿ ಹುಡುಕೋದೇ ತಪ್ಪು. ಜೋರಾದ ಜೋಡಿ-ಅಸ್ಥಿರತೆ ಸಿಡಿತ ಒಂದೇ ಹತ್ತಾರು ಸೌರರಾಶಿ ಕಬ್ಬಿಣ ಕಾರುತ್ತೆ. ಅದರಿಂದ ಹುಟ್ಟಿದ ಮಗುವಿನಲ್ಲಿ ಕಬ್ಬಿಣ ಸೂರ್ಯನ ನೂರನೇ, ಇನ್ನೂರನೇ ಒಂದು ಭಾಗ ಇರಬಹುದು. ಜರಡಿಯ ಮೊದಲ ಹಂತದಲ್ಲೇ ಅದನ್ನು "ಲೋಹ ಜಾಸ್ತಿ" ಅಂತ ಬಿಸಾಡಿರುತ್ತೇವೆ.

#15 ಬೆಳಕಿನಬೆನ್ನು

ಹೊಸ ಕಾಯದ ಸುದ್ದಿ ಬಂದಾಗ ದತ್ತಾಂಶ ನಾವೇ ಇಳಿಸಿ ಪರೀಕ್ಷಿಸಬೇಕಾದರೆ ಎಲ್ಲಿಂದ ಶುರು?

#16 ರೋಹಿತರೇಖೆ

ಮಾಸ್ಟ್ ಸಂಗ್ರಹದಲ್ಲಿ ಕಚ್ಚಾ ದತ್ತಾಂಶ ಸಿಗುತ್ತೆ, ಡಾನ್ ಜೆಡಬ್ಲ್ಯುಎಸ್‌ಟಿ ಸಂಗ್ರಹದಲ್ಲಿ ಸಂಸ್ಕರಿಸಿದ ರೋಹಿತ. ಒಂದು ಆಯಾಮದ ಗ್ರಾಫ್ ನೋಡಿ ಮರುಳಾಗಬೇಡಿ, ಮೊದಲು ಎರಡು ಆಯಾಮದ ಚಿತ್ರ ತೆರೆಯಿರಿ. ನಿಯರ್‌ಸ್ಪೆಕ್‌ನ ಮೂರು ಪುಟ್ಟ ಕಿಟಕಿಗಳಲ್ಲಿ (ಬೆಳಕು ಒಳಬಿಡುವ ಸೀಳುಗಳು) ಕಾಯವನ್ನು ಮೇಲೆ ಕೆಳಗೆ ಸರಿಸಿ ಒಂದರಿಂದೊಂದು ಕಳೆದಿರುತ್ತಾರೆ, ಹಾಗಾಗಿ ನಿಜವಾದ ಗೆರೆಯ ಮೇಲೂ ಕೆಳಗೂ ಕಪ್ಪು ನೆರಳು ಇರಲೇಬೇಕು. ನೆರಳಿಲ್ಲದ ಒಂಟಿ ಬಿಳಿ ಚುಕ್ಕೆ ಕಾಸ್ಮಿಕ್ ಕಿರಣದ ಕಲೆ. ಇದರ ತಿರುಗಾ ಅಪಾಯವೂ ಇದೆ: ಒಂದು ಕಿಟಕಿಯ ಎತ್ತರ 0.46 ಆರ್ಕ್‌ಸೆಕೆಂಡ್ ಅಷ್ಟೆ, ಹರಡಿಕೊಂಡ ಕಾಯವಾದರೆ ಅದರ ಬೆಳಕೇ ಅದರಿಂದ ಕಳೆದುಹೋಗಿರುತ್ತೆ. ಗೆರೆ "ಇಲ್ಲ" ಅನ್ನೋರಿಗೆ ಇದು ದೊಡ್ಡ ಹಳ್ಳ.

ಆಮೇಲೆ ಗದ್ದಲ. ಫೈಲಿನಲ್ಲಿ ಕೊಟ್ಟ ದೋಷದ ಕಾಲಂ ಹಾಗೇ ನಂಬಬೇಡಿ. ಚಿತ್ರಗಳನ್ನು ಹೊಸ ಜಾಲರಿಗೆ ಕೂರಿಸುವಾಗ ಪಕ್ಕದ ಪಿಕ್ಸೆಲ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ದೋಷ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತೆ. ಗೆರೆ ಇರಲು ಸಾಧ್ಯವಿಲ್ಲದ ಖಾಲಿ ಜಾಗಗಳಲ್ಲಿ, ನಿಮ್ಮ ಗೆರೆಯಷ್ಟೇ ಅಗಲದ ಕಿಟಕಿಯಿಟ್ಟು ಐವತ್ತು ಸಲ ಮೊತ್ತ ತೆಗೆಯಿರಿ. ಆ ಮೊತ್ತಗಳ ಹರಡುವಿಕೆಯೇ ನಿಜವಾದ ಸಿಗ್ಮಾ. ನಂತರ ಗೊತ್ತಿರೋ ಬಲದ ಸುಳ್ಳು ಗೆರೆಯನ್ನು ದತ್ತಾಂಶಕ್ಕೆ ಸೇರಿಸಿ ಅದು ವಾಪಸ್ ಸಿಗುತ್ತಾ ನೋಡಿ. 5007 ಸಿಕ್ಕಿದೆ ಅನಿಸಿದರೆ 4959ರಲ್ಲಿ ಅದರ ಮೂರನೇ ಒಂದು ಭಾಗ ಇರಬೇಕು. ಈ ಅನುಪಾತವನ್ನು ಪರಮಾಣುವೇ ನಿಗದಿ ಮಾಡಿದೆ, ಗೆಲಾಕ್ಸಿಗೆ ಅದರಲ್ಲಿ ಮಾತಿಲ್ಲ.

ರೆಡ್‌ಶಿಫ್ಟ್ ಹೇಳಲು ಕನಿಷ್ಠ ಎರಡು ಗೆರೆ. ಒಂದೇ ಗೆರೆಯಾದರೆ ಅದು ಯಾವುದು ಬೇಕಾದರೂ ಆಗಬಹುದು.

#17 ಮಸೂರ

#16ಕ್ಕೆ ಒಂದು ಬಾಲ. ವೆಬ್‌ನ ರೋಹಿತ ನಿರ್ವಾತದ ತರಂಗಾಂತರದಲ್ಲಿರುತ್ತೆ. "5007" ಅನ್ನೋದು ಗಾಳಿಯಲ್ಲಿನ ಸಂಖ್ಯೆ (5006.84), ನಿರ್ವಾತದಲ್ಲಿ ಅದು 5008.24. 1640 ಮಾತ್ರ ಪಟ್ಟಿಗಳಲ್ಲಿ ನಿರ್ವಾತದ್ದೇ ಇರುತ್ತೆ, 1640.42. ಒಂದನ್ನು ಗಾಳಿಯಿಂದ, ಇನ್ನೊಂದನ್ನು ನಿರ್ವಾತದಿಂದ ತಗೊಂಡರೆ ಎರಡು ಗೆರೆಗಳ ನಡುವೆ ಸೆಕೆಂಡಿಗೆ 84 ಕಿ.ಮೀ. ಸುಳ್ಳು ವೇಗ ಹುಟ್ಟುತ್ತೆ. ಆಮೇಲೆ "ಹೀಲಿಯಂ ಬೇರೆ ಗುಂಪಿನಿಂದ ಬರ್ತಿದೆ, ಅದೇ ಪಾಪ್-3" ಅಂತ ಇಲ್ಲಿ ಹೊಸ ಎಳೆ ಶುರು ಮಾಡಬೇಡಿ.